ಒಬ್ಬರಿಗೆ ಮಸುಕು, ಇನ್ನೊಬ್ಬರಿಗೆ ಅತಿ ಚೂಪು: ವಿಮಾನದ ಫೋಟೊ ಯಾಕೆ ವಾಪಸ್ ಬರುತ್ತದೆ?

ಪ್ರಶ್ನೆ: ಘಾಟ್‌ಕೋಪರ್‌ನಲ್ಲಿ ನಮ್ಮ ಕಟ್ಟಡದ ತಾರಸಿಯಿಂದ ಮುಂಬೈ ನಿಲ್ದಾಣದ 27ನೇ ರನ್‌ವೇಗೆ ಇಳಿಯುವ ವಿಮಾನಗಳ ಫೋಟೊ ತೆಗೆಯುತ್ತೇನೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಕ್ಯಾಮೆರಾ, 100-400 ಎಂಎಂ ಲೆನ್ಸ್. ವಿಮಾನ ಚಿತ್ರಗಳ ಸಂಗ್ರಹ ತಾಣವೊಂದಕ್ಕೆ ಇಂಡಿಗೋ ಎ320ನಿಯೋ ಚಿತ್ರ ಕಳಿಸಿದೆ. ಮೊದಲ ಸಲ ‘ಸಾಫ್ಟ್’ (ಮಸುಕು) ಎಂದು ವಾಪಸ್ ಬಂತು. ಶಾರ್ಪ್ ಮಾಡಿ ಕಳಿಸಿದರೆ ‘ಓವರ್‌ಶಾರ್ಪನ್ಡ್’ (ಅತಿ ಚೂಪು) ಎಂದರು. ಮೂರನೇ ಸಲ ಅವೆರಡರ ಸುದ್ದಿಯೇ ಇಲ್ಲ, ‘ವಿಮಾನ ಚೌಕಟ್ಟಿನಲ್ಲಿ ಮೇಲಕ್ಕಿದೆ, ಕಾಂಟ್ರಾಸ್ಟ್ ಕಡಿಮೆ’ ಎಂಬ ಹೊಸ ತಕರಾರು. ಅದೇ ವಾರ ಗೆಳೆಯನ ಚಿತ್ರ ನನ್ನದಕ್ಕಿಂತ ಮಂಕಾಗಿದ್ದರೂ ಪಾಸಾಯಿತು. ಇದಕ್ಕೆ ಮಾನದಂಡ ಅಂತ ಏನಾದರೂ ಇದೆಯೇ, ಇಲ್ಲ ಮುಖ ನೋಡಿ ಮಣೆ ಹಾಕುತ್ತಾರೆಯೇ?

ಉತ್ತರ: ಮಾನದಂಡ ಇದೆ, ಏರುಪೇರೂ ಇದೆ. ನಿಮ್ಮ ಮೂರು ತಿರಸ್ಕಾರಗಳಲ್ಲಿ ಎರಡೂ ಬೆರೆತಿವೆ. ಯಾವುದು ಸ್ಕ್ರೀನರ್‌ನ (ಬಂದ ಚಿತ್ರಗಳನ್ನು ನೋಡಿ ತೀರ್ಪು ಕೊಡುವವರ) ಏರುಪೇರು, ಯಾವುದು ಚಿತ್ರದಲ್ಲೇ ಮೊದಲಿನಿಂದ ಕೂತಿದ್ದ ದೋಷ ಎಂದು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೂರನೇ ತಿರಸ್ಕಾರದಿಂದಲೇ ಶುರು ಮಾಡೋಣ. ನೀವು ಕ್ರಾಪ್ (ಚಿತ್ರದ ಅಂಚು ಕತ್ತರಿಸಿದ ರೀತಿ) ಬದಲಿಸಿರದಿದ್ದರೆ ವಿಮಾನ ಮೊದಲ ಸಲವೂ ಅಷ್ಟೇ ಮೇಲಕ್ಕಿತ್ತು. ಆದರೂ ಆಗ ಯಾರೂ ಹೇಳಲಿಲ್ಲ. ಕಾರಣ ಸರಳ: ಎಷ್ಟೋ ಸ್ಕ್ರೀನರ್‌ಗಳು ಚಿತ್ರವನ್ನು ತಳ್ಳಿಹಾಕಲು ಸಾಕಾಗುವ ಒಂದು ದೋಷ ಕಂಡೊಡನೆ ಅದನ್ನು ಗುರುತು ಮಾಡಿ ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಉಳಿದವನ್ನು ಹುಡುಕುವುದಿಲ್ಲ. ಜೆಟ್‌ಫೋಟೋಸ್, ಏರ್‌ಲೈನರ್ಸ್ ಡಾಟ್ ನೆಟ್‌ನಂಥ ದೊಡ್ಡ ಸಂಗ್ರಹಗಳಲ್ಲೂ ಈ ಕೆಲಸ ಮಾಡುವವರು ಸ್ವಯಂಸೇವಕರು. ಬಿಡುವಿನ ವೇಳೆಯಲ್ಲಿ ಉದ್ದನೆಯ ಸರದಿಯನ್ನು ಕರಗಿಸುತ್ತಾರೆ. ಹಾಗಾಗಿ ‘ಸಾಫ್ಟ್’ ಎಂಬ ಉತ್ತರ ಬಂದರೆ ಉಳಿದದ್ದೆಲ್ಲ ಸರಿಯಿದೆ ಎಂದು ಅರ್ಥವಲ್ಲ. ಒಂದನ್ನು ಸರಿಮಾಡಿ ಹಾಗೇ ಮರಳಿ ಕಳಿಸುವುದೇ ಈ ಹವ್ಯಾಸದ ಅತಿ ಸಾಮಾನ್ಯ ತಪ್ಪು. ಪ್ರತಿ ವಾಪಸಾತಿಯ ನಂತರವೂ ಇಡೀ ಚಿತ್ರವನ್ನು ಮೂಲ ಕಡತದಿಂದ ಮತ್ತೆ ಸಂಸ್ಕರಿಸಬೇಕು.

ಇನ್ನು ನಿಜವಾದ ಏರುಪೇರಿಗೆ ಬರೋಣ. ಇದು ದ್ವೇಷಕ್ಕಿಂತ ಹೆಚ್ಚಾಗಿ ಗಣಿತ. ಹತ್ತು ಸ್ಕ್ರೀನರ್‌ಗಳಲ್ಲಿ ಏಳು ಮಂದಿ ಒಪ್ಪುವಂಥ ಚಿತ್ರ ನಿಮ್ಮದು ಎಂದಿಟ್ಟುಕೊಳ್ಳಿ. ಒಬ್ಬರ ಒಪ್ಪಿಗೆ ಸಾಕಾದರೆ ಅದು ಪಾಸಾಗುವ ಸಾಧ್ಯತೆ ಶೇ 70. ಇಬ್ಬರ ಒಪ್ಪಿಗೆ ಬೇಕೆಂದರೆ 0.7 × 0.7, ಅಂದರೆ ಶೇ 49. ನಾಣ್ಯ ಚಿಮ್ಮಿದ ಹಾಗೆ. ಅದೇ ಚಿತ್ರವನ್ನು ಹತ್ತರಲ್ಲಿ ಒಂಬತ್ತು ಮಂದಿ ಒಪ್ಪುವ ಮಟ್ಟಕ್ಕೆ ತಂದರೆ ಶೇ 81. ನಿಮ್ಮದೂ ಗೆಳೆಯನದೂ ಇಂಥ ಅಂಚಿನ ಚಿತ್ರಗಳೇ ಆಗಿದ್ದರೆ, ಒಂದು ಪಾಸ್ ಒಂದು ಫೇಲ್ ಆಗಲು ಪಕ್ಷಪಾತವೇನೂ ಬೇಕಿಲ್ಲ. ಅಂಚಿನ ಚಿತ್ರಕ್ಕೆ ಒಬ್ಬನೇ ಸ್ಕ್ರೀನರ್ ಬೆಳಿಗ್ಗೆ ಒಂದು, ರಾತ್ರಿ ಇನ್ನೊಂದು ತೀರ್ಪು ಕೊಡಬಹುದು. ಹತ್ತು ಅದ್ಭುತ ಚಿತ್ರಗಳ ಹಿಂದೆಯೇ ನಿಮ್ಮದು ಬಂದರೆ ಮಂಕಾಗಿ ಕಾಣುತ್ತದೆ, ಹತ್ತು ಕಳಪೆಗಳ ಹಿಂದೆ ಬಂದರೆ ಹೊಳೆಯುತ್ತದೆ.

ಮಾನಿಟರ್ ಇನ್ನೊಂದು ದೊಡ್ಡ ಕಾರಣ. ಫೋಟೊ ಸಂಸ್ಕರಣೆಗೆ ಸಾಮಾನ್ಯವಾಗಿ ಒಪ್ಪಿರುವ ಹೊಳಪು ಪ್ರತಿ ಚದರ ಮೀಟರ್‌ಗೆ ಸುಮಾರು 120 ಕ್ಯಾಂಡೆಲಾ, ಬಣ್ಣದ ತಾಪಮಾನ 6500 ಕೆಲ್ವಿನ್, ಗಾಮಾ 2.2. ಅಂಗಡಿಯಿಂದ ತಂದ ಮಾನಿಟರ್ ಅದರ ಎರಡರಷ್ಟು ಬೆಳಗುತ್ತಿದ್ದರೂ ಆಶ್ಚರ್ಯವಿಲ್ಲ. ಅಂಥ ಪರದೆಯಲ್ಲಿ ನೀವು ಎಡಿಟ್ ಮಾಡಿದರೆ ನಿಮಗೆ ಸರಿಯಾಗಿ ಕಂಡದ್ದು ಬೇರೆಯವರಿಗೆ ಕತ್ತಲು. ನೋಡುವವರ ಪರದೆ ಕೂಡ ಹಾಗೇ ಇದ್ದರೆ ಕತ್ತಲು ಚಿತ್ರವೂ ದಾಟಿಹೋಗುತ್ತದೆ. ಕಪ್ಪಿನಿಂದ ಬಿಳಿಯವರೆಗಿನ ಬೂದು ಪಟ್ಟಿಯೊಂದನ್ನು ಮಾಡಿಕೊಂಡು ನೋಡಿ (0 ಪೂರ್ತಿ ಕಪ್ಪು, 255 ಪೂರ್ತಿ ಬಿಳಿ): 0 ಮತ್ತು 10, ಹಾಗೆಯೇ 245 ಮತ್ತು 255 ಬೇರೆ ಬೇರೆಯಾಗಿ ಕಾಣದಿದ್ದರೆ ಆ ಪರದೆಯ ಮೇಲೆ ಕಣ್ಣಳತೆಯ ತೀರ್ಮಾನ ಬೇಡ, ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗೆ ಪಿಕ್ಸೆಲ್‌ಗಳ ಹಂಚಿಕೆ ತೋರಿಸುವ ನಕ್ಷೆ) ನಂಬಿ. ಮೊಬೈಲಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದು ಇಲ್ಲಿ ವಾದವೇ ಅಲ್ಲ. ಅಂದ ಹಾಗೆ, ಕಡತವನ್ನು ಎಸ್‌ಆರ್‌ಜಿಬಿ ಎಂಬ ಬಣ್ಣ ವ್ಯವಸ್ಥೆಯಲ್ಲೇ ಉಳಿಸಿ. ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ್ದು ಕೆಲವು ಪರದೆಗಳಲ್ಲಿ ತೊಳೆದ ಬಟ್ಟೆಯಂತೆ ಪೇಲವವಾಗುತ್ತದೆ.

ಈಗ ‘ಸಾಫ್ಟ್’ ಮತ್ತು ‘ಓವರ್‌ಶಾರ್ಪನ್ಡ್’. ಇವೆರಡೂ ಒಂದಕ್ಕೊಂದು ವಿರುದ್ಧ ಎಂದುಕೊಂಡಿದ್ದೀರಿ. ನಿಮ್ಮ ವಿಷಯದಲ್ಲಿ ಎರಡೂ ಒಂದೇ ಕಾಯಿಲೆಯ ಎರಡು ಲಕ್ಷಣ ಎಂದೇ ನನ್ನ ಅಂದಾಜು. ಎ320 ಉದ್ದ 37.57 ಮೀಟರ್. ನಿಮ್ಮ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 23.5 ಮಿಲಿಮೀಟರ್, 6000 ಪಿಕ್ಸೆಲ್. 400 ಎಂಎಂನಲ್ಲಿ ಒಂದು ಕಿಲೋಮೀಟರ್ ದೂರದ ಎ320 ಪಕ್ಕದಿಂದ ಕಂಡರೆ ಸುಮಾರು 3800 ಪಿಕ್ಸೆಲ್ ಉದ್ದ ಬರುತ್ತದೆ. ಎರಡು ಕಿಲೋಮೀಟರ್ ಆದರೆ 1900. ಕೊನೆಯ ಚಿತ್ರ 1600 ಪಿಕ್ಸೆಲ್ ಅಗಲದ್ದಾದರೆ, ಮೊದಲನೆಯದರಲ್ಲಿ ಕ್ರಾಪ್ ಎರಡೂವರೆ ಪಟ್ಟು ಕುಗ್ಗುತ್ತದೆ, ಲೆನ್ಸಿನ ಸಣ್ಣಪುಟ್ಟ ಮಸುಕೂ ನಾಯ್ಸೂ (ಕಾಳುಕಾಳಾದ ಕಲೆ) ಅದರಲ್ಲಿ ಕರಗಿಹೋಗುತ್ತವೆ. ಎರಡನೆಯದು ಹೆಚ್ಚುಕಡಿಮೆ ಮೂಲ ಪಿಕ್ಸೆಲ್‌ನಲ್ಲೇ ಉಳಿಯುವುದರಿಂದ ಮಸುಕು ಹಾಗೇ ಕಾಣುತ್ತದೆ. ಅದನ್ನು ಎಷ್ಟು ಶಾರ್ಪ್ ಮಾಡಿದರೂ ಇಲ್ಲದ ವಿವರ ಹುಟ್ಟುವುದಿಲ್ಲ, ಅಂಚುಗಳು ಮಾತ್ರ ಗರಗಸದ ಹಲ್ಲಿನಂತಾಗುತ್ತವೆ. ಕ್ರಾಪ್ ಆದ ಮೇಲೆ ಅಗಲ ಕೊನೆಯ ಅಳತೆಯ ಎರಡರಷ್ಟಾದರೂ, ಅಂದರೆ 3200 ಪಿಕ್ಸೆಲ್ ಇರಲಿ. ಅಷ್ಟು ಇಲ್ಲವಾದರೆ ಆ ಚಿತ್ರವನ್ನು ಬಿಟ್ಟುಬಿಡಿ, ಅಥವಾ ತಾಣದ ನಿಯಮ ಒಪ್ಪುವ ಅತಿ ಚಿಕ್ಕ ಅಳತೆಯಲ್ಲಿ ಕಳಿಸಿ.

ಕುಗ್ಗಿಸಿದ ನಂತರವೇ ಶಾರ್ಪ್ ಮಾಡಬೇಕು. ಮೊದಲೇ ಮಾಡಿದರೆ ಆ ಕೆಲಸವೂ ಚಿತ್ರದ ಜೊತೆಗೇ ಕುಗ್ಗಿ ಲೆಕ್ಕ ತಪ್ಪುತ್ತದೆ. ಫೋಟೊಶಾಪ್‌ನಲ್ಲಿ ಶಾರ್ಪ್ ಮಾಡುವ ಸಾಧನವಾದ ಅನ್‌ಶಾರ್ಪ್ ಮಾಸ್ಕ್‌ನಲ್ಲಿ ರೇಡಿಯಸ್ 0.3ರಿಂದ 0.5 ಪಿಕ್ಸೆಲ್, ಅಮೌಂಟ್ 80ರಿಂದ 150ರವರೆಗೆ ಇಟ್ಟು ನೋಡಿ. ಬೇರೆ ಲೇಯರ್‌ನಲ್ಲಿ ಮಾಡಿ, ಆಕಾಶದ ಮೇಲಿನದನ್ನು ಮಾಸ್ಕ್‌ನಿಂದ ಪೂರ್ತಿ ಅಳಿಸಿ. ಆಮೇಲೆ ಓರೆಯಾದ ಗೆರೆಗಳನ್ನು ನೂರಕ್ಕೆ ನೂರು ಅಳತೆಯಲ್ಲಿ ನೋಡಿ: ರೆಕ್ಕೆಯ ಮುಂದಿನ ಅಂಚು, ಬಾಲದ ಅಂಚು, ನೋಂದಣಿ ಅಕ್ಷರಗಳು. ಅಲ್ಲಿ ಮೆಟ್ಟಿಲು ಕಂಡರೆ ಆ ಭಾಗದ ಶಾರ್ಪ್‌ನೆಸ್ ಅನ್ನು ಅರ್ಧಕ್ಕೆ ಇಳಿಸಿ, ಕಿಟಕಿ ಸಾಲಿನಲ್ಲಿ ಹಾಗೇ ಬಿಡಿ. ಇನ್ನೊಂದು ಮಾತು ಮರೆಯಬೇಡಿ: ಲೈಟ್‌ರೂಮ್ ತಂತ್ರಾಂಶ ರಾ ಕಡತಕ್ಕೆ (ಕ್ಯಾಮೆರಾದ ಸಂಸ್ಕರಿಸದ ಮೂಲ ಕಡತ) ತಾನಾಗಿಯೇ 40ರಷ್ಟು ಶಾರ್ಪನಿಂಗ್ ಹಾಕಿರುತ್ತದೆ, ರೇಡಿಯಸ್ 1.0. ಅದರ ಮೇಲೆ ನಿಮ್ಮದೂ ಸೇರಿದರೆ ದುಪ್ಪಟ್ಟು.

ಇಂಡಿಗೋದ ಬಣ್ಣವೂ ಇಲ್ಲಿ ಕೈಕೊಡುತ್ತದೆ. ಮೇಲೆ ಬಿಳಿ, ಹೊಟ್ಟೆ ಕಡುನೀಲಿ. ತಾರಸಿಯಿಂದ ಮೇಲೆ ನೋಡಿ ತೆಗೆದಾಗ ಪೇಲವ ಆಕಾಶ ಮೀಟರನ್ನು ಮೋಸಗೊಳಿಸಿ ವಿಮಾನವನ್ನು ಕಪ್ಪಾಗಿಸುತ್ತದೆ. ಆಮೇಲೆ ಎಡಿಟ್ ಮಾಡುವಾಗ ಶಾಡೋಸ್ (ಕತ್ತಲ ಭಾಗ) ಬೆಳಗಿಸಿದರೆ ನೀಲಿ ಹೊಟ್ಟೆಯಲ್ಲಿ ನಾಯ್ಸ್ ಏಳುತ್ತದೆ, ಅದರ ಮೇಲೆ ಶಾರ್ಪನಿಂಗ್ ಬಿದ್ದರೆ ಮರಳು ಎರಚಿದ ಹಾಗೆ ಕಾಣುತ್ತದೆ. ಸ್ಕ್ರೀನರ್ ಅದಕ್ಕೆ ‘ನಾಯ್ಸ್’ ಎನ್ನಬಹುದು, ‘ಓವರ್‌ಶಾರ್ಪನ್ಡ್’ ಎನ್ನಬಹುದು, ಎರಡೂ ತಪ್ಪಲ್ಲ. ಕಾರಣದ ಹೆಸರುಗಳು ಏರುಪೇರಾಗುವುದು ಹೆಚ್ಚಾಗಿ ಹೀಗೆ: ದೋಷ ಒಂದೇ, ಚೀಟಿ ಬೇರೆ. ಮದ್ದು ಕ್ಯಾಮೆರಾದಲ್ಲೇ ಇದೆ. ಬಿಳಿಚಿದ ಆಕಾಶಕ್ಕೆ +0.7ರಿಂದ +1 ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಎಫ್/8, ಐಎಸ್‌ಒ 200ರಿಂದ 400, ಶಟರ್ 1/1000 ಅಥವಾ ಅದಕ್ಕಿಂತ ವೇಗ. ಪ್ರೊಪೆಲ್ಲರ್ ಇರುವ ಎಟಿಆರ್ 72 ವಿಮಾನ ಬಂದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಅದರ ಪ್ರೊಪೆಲ್ಲರ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ 1200 ಸುತ್ತು, ಸೆಕೆಂಡಿಗೆ 20. 1/1000ರಲ್ಲಿ ಅಲಗು ಏಳು ಡಿಗ್ರಿ ಮಾತ್ರ ಸರಿಯುತ್ತದೆ, ಫ್ಯಾನ್ ನಿಂತಂತೆ ಕಂಡು ಚಿತ್ರ ವಾಪಸ್ ಬರುತ್ತದೆ. 1/250ರಲ್ಲಿ ಸುಮಾರು 29 ಡಿಗ್ರಿ. ಆರು ಅಲಗುಗಳ ನಡುವಿನ ಅಂತರ 60 ಡಿಗ್ರಿ ಆದ್ದರಿಂದ ಅರ್ಧ ವೃತ್ತ ತುಂಬಿದಂತೆ ಕಾಣುತ್ತದೆ.

ಮಸುಕಿಗೆ ಇನ್ನೊಂದು ಮೂಲ ಬಿಸಿಗಾಳಿ. ಇದನ್ನು ಫೋಕಸ್ ತಪ್ಪಿದ್ದರಿಂದ ಬೇರ್ಪಡಿಸಲು ಸುಲಭ ಉಪಾಯವಿದೆ. ಒಂದೇ ಸಲ ತೆಗೆದ ಹತ್ತು ಫ್ರೇಮ್‌ಗಳಲ್ಲಿ ಕಿಟಕಿ ಸಾಲನ್ನು ಹೋಲಿಸಿ. ಗೆರೆ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಅಲೆಯಾಗಿ ಬಾಗಿದ್ದರೆ, ಮೂಗು ಸ್ಪಷ್ಟವಿದ್ದು ಬಾಲ ಕಲಸಿದ್ದರೆ ಅದು ಬಿಸಿಗಾಳಿ. ಎಲ್ಲೆಡೆ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ವಿಮಾನ ಮಸುಕು, ಹಿಂದಿನ ಕಟ್ಟಡ ಸ್ಪಷ್ಟ ಎಂದಾದರೆ ಫೋಕಸ್. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ರನ್‌ವೇಯ ಅಂಚಿಗೆ ನಾಲ್ಕು ಕಿಲೋಮೀಟರ್ ಇರುವಾಗ ಸುಮಾರು 200 ಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಲ್ಲಿ ರನ್‌ವೇಯ ಬಿಸಿ ನಿಮ್ಮನ್ನು ಕಾಡುವುದಿಲ್ಲ. ಕಾಡುವುದು ನಿಮ್ಮದೇ ತಾರಸಿಯ ಬಿಸಿ, ಪಕ್ಕದ ತಗಡಿನ ಚಾವಣಿ. ಲೆನ್ಸಿನ ಹತ್ತಿರದ ಗಾಳಿಯ ಕಲಕಾಟ ದೂರದ್ದಕ್ಕಿಂತ ಹೆಚ್ಚು ಕೆಡಿಸುತ್ತದೆ. ಎಸಿ ಕೋಣೆಯ ಕಿಟಕಿ ತೆರೆದು ತೆಗೆಯುವವರ ಚಿತ್ರಗಳೆಲ್ಲ ಕಲಸಿದಂತಾಗುವುದು ಇದರಿಂದಲೇ. ತಾರಸಿಯ ನಡುವೆ ನಿಂತು ಕಾದ ಸಿಮೆಂಟಿನ ಮೇಲಿಂದ ಹಾಯಿಸಿ ತೆಗೆಯಬೇಡಿ, ಅಂಚಿಗೆ ಬಂದು ನಿಲ್ಲಿ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಬಿಸಿಗಾಳಿ ಹೊಡೆದ ಚಿತ್ರವನ್ನು ಯಾವ ಸಾಫ್ಟ್‌ವೇರ್ ಕೂಡ ರಿಪೇರಿ ಮಾಡದು.

ಕಾಂಟ್ರಾಸ್ಟ್ ಮುಂಬೈಯವರ ಪಾಲಿಗೆ ಬಂದ ಶಾಪ. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರ ಹೊಗೆ, ಧೂಳು ಕಟ್ಟಿಕೊಂಡು ನಿಲ್ಲುತ್ತವೆ. ಹೊತ್ತೇರಿ ಸಮುದ್ರದ ಗಾಳಿ ಬೀಸಿದ ಮೇಲೆ ಚದುರುತ್ತವೆ, ಅಷ್ಟರಲ್ಲಿ ಬಿಸಿ ಏರಿರುತ್ತದೆ. ಗಾಳಿ ತೊಳೆದಂತಿರುವುದು ಮಳೆಗಾಲದ ಬಿಡುವುಗಳಲ್ಲಿ, ಮಳೆ ಹಿಂದೆ ಸರಿಯುವ ಹೊತ್ತಿನಲ್ಲಿ. ಬೆಳಕಿನ ದಿಕ್ಕೂ ಲೆಕ್ಕಕ್ಕೆ ಬರಬೇಕು. 09/27 ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ನಿಮ್ಮ ತಾರಸಿ ಇಳಿಯುವ ದಾರಿಯ ದಕ್ಷಿಣಕ್ಕಿದ್ದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸೂರ್ಯ ನಿಮ್ಮ ಬೆನ್ನಿಗೆ. ಉತ್ತರಕ್ಕಿದ್ದರೆ ಅದೇ ತಿಂಗಳುಗಳಲ್ಲಿ ವಿಮಾನದ ನೆರಳಿನ ಬದಿ ಸಿಗುತ್ತದೆ, ‘ಬ್ಯಾಕ್‌ಲಿಟ್’ ಎಂಬ ಉತ್ತರ ಕಾದಿರುತ್ತದೆ. ಮುಂಬೈ 19 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆ ದಿನಗಳ ನಡುಹಗಲಲ್ಲಿ ಎಲ್ಲಿ ನಿಂತರೂ ಹೊಟ್ಟೆ ಕಪ್ಪೇ.

ಮಂಜು ಮುಸುಕಿದ ಚಿತ್ರದ ಹಿಸ್ಟೋಗ್ರಾಮ್ ನೋಡಿದರೆ ಇಡೀ ಗುಡ್ಡ 70ರಿಂದ 210ರ ನಡುವೆ ಮುದುರಿಕೊಂಡಿರುತ್ತದೆ. ಲೆವೆಲ್ಸ್‌ನಲ್ಲಿ ಟೈರು ಅಥವಾ ಎಂಜಿನ್ ಬಾಯಿಯ ಕತ್ತಲನ್ನು 10-15ಕ್ಕೆ, ಬಿಸಿಲು ಬಿದ್ದ ಬಿಳಿಯನ್ನು 245ರ ಆಸುಪಾಸಿಗೆ ತನ್ನಿ. ಮಬ್ಬು ತೆಗೆಯುವ ಡಿಹೇಜ್ ಸ್ಲೈಡರ್ 15-20 ದಾಟಿದರೆ ರೆಕ್ಕೆಯ ಸುತ್ತ ಬೆಳಕಿನ ಬಳೆ ಕಾಣಿಸಿಕೊಳ್ಳುತ್ತದೆ, ಮೂಲೆಗಳು ಕಪ್ಪಾಗುತ್ತವೆ, ಅಡಗಿದ್ದ ಸೆನ್ಸರ್ ಧೂಳೆಲ್ಲ ಎದ್ದು ಬರುತ್ತದೆ. ಧೂಳು ಪತ್ತೆಗೆ ಸ್ಕ್ರೀನರ್‌ಗಳು ಬಳಸುವ ‘ಈಕ್ವಲೈಸ್’ ಆಜ್ಞೆ ಫೋಟೊಶಾಪ್‌ನಲ್ಲಿ ನಿಮಗೂ ಇದೆ. ಒತ್ತಿ ನೋಡಿ, ಕಪ್ಪು ಚುಕ್ಕೆಗಳನ್ನು ಗುರುತಿಸಿಕೊಳ್ಳಿ, ಆ ಹೆಜ್ಜೆಯನ್ನು ಹಿಂತೆಗೆದು ಹೀಲ್ ಬ್ರಶ್‌ನಿಂದ ಒರೆಸಿ. ಆದರೆ ದೀಪದ ಕಂಬವನ್ನೋ ತಂತಿಯನ್ನೋ ಅಳಿಸಿಬಿಟ್ಟರೆ ಅದು ಕೈಚಳಕ ಎನಿಸಿಕೊಳ್ಳುತ್ತದೆ. ಅದಕ್ಕೆ ಖಾತೆಯೇ ಹೋಗಬಹುದು.

‘ವಿಮಾನ ಮೇಲಕ್ಕಿದೆ’ ಎಂಬುದರಲ್ಲಿ ತಾಣದಿಂದ ತಾಣಕ್ಕೆ, ಕೆಲವೊಮ್ಮೆ ಸ್ಕ್ರೀನರ್‌ನಿಂದ ಸ್ಕ್ರೀನರ್‌ಗೆ ನಿಜಕ್ಕೂ ಭಿನ್ನಮತವಿದೆ. ಕೆಲವರು ವಿಮಾನದ ದೇಹದ ನಡುಗೆರೆಯನ್ನು ಚೌಕಟ್ಟಿನ ಮಧ್ಯಕ್ಕೆ ಬಯಸುತ್ತಾರೆ. ಕೆಲವರು ಬಾಲದ ತುದಿಯಿಂದ ಚಕ್ರದ ತಳದವರೆಗೆ ಅಳೆದು ಮೇಲೆ ಕೆಳಗೆ ಸಮ ಜಾಗ ಕೇಳುತ್ತಾರೆ. ಬಾಲ ಎತ್ತರವಾದ್ದರಿಂದ ಮೊದಲ ಲೆಕ್ಕಕ್ಕೆ ಸರಿಯಾದದ್ದು ಎರಡನೆಯ ಲೆಕ್ಕಕ್ಕೆ ‘ಮೇಲಕ್ಕಿದೆ’. ಒಂದು ತಾಣಕ್ಕೆ ಕಳಿಸುತ್ತೀರಾದರೆ ಅಲ್ಲಿ ಇತ್ತೀಚೆಗೆ ಪಾಸಾದ, ಅದೇ ಕೋನದ ಹತ್ತು ಚಿತ್ರ ಅಳೆದು ನೋಡಿ. ಗೊತ್ತಾಗದಿದ್ದರೆ ಎರಡೂ ಲೆಕ್ಕಗಳ ನಡುವಿನ ಜಾಗಕ್ಕೆ ಇಡಿ. ಇಬ್ಬರಿಗೂ ಪೂರ್ತಿ ಇಷ್ಟವಾಗದು, ಆದರೆ ಇಬ್ಬರೂ ಬಿಟ್ಟುಕೊಡುತ್ತಾರೆ. ಎಡ-ಬಲದಲ್ಲಿ ಇಂಥ ಗೊಂದಲವಿಲ್ಲ, ಮೂಗಿನ ಮುಂದೆಯೂ ಬಾಲದ ಹಿಂದೆಯೂ ಸಮ. ವಾಲಿಕೆಯಲ್ಲೂ ಕಣ್ಣಳತೆ ಬೇಡ: 1600 ಪಿಕ್ಸೆಲ್ ಅಗಲದಲ್ಲಿ ಒಂದು ಡಿಗ್ರಿ ಎಂದರೆ ಒಂದು ತುದಿ 28 ಪಿಕ್ಸೆಲ್ ಕೆಳಗೆ. ಹಿನ್ನೆಲೆಯಲ್ಲಿ ಕಟ್ಟಡವಿದ್ದರೆ ಚೌಕಟ್ಟಿನ ನಡುವೆ ಇರುವ ಲಂಬ ಅಂಚನ್ನೇ ಆಧಾರ ಮಾಡಿ. ಬದಿಯಲ್ಲಿರುವ ಕಂಬಗಳು ಲೆನ್ಸಿನಿಂದ ಬಾಗಿರಬಹುದು, ರನ್‌ವೇ ಸ್ವತಃ ಇಳಿಜಾರಾಗಿರಬಹುದು.

ಎಲ್ಲಕ್ಕಿಂತ ಜಾರುವ ಕಾರಣ ‘ಮೋಟಿವ್’, ಅಂದರೆ ಚಿತ್ರದ ವಿಷಯವೋ ಜೋಡಣೆಯೋ ಹಿಡಿಸಲಿಲ್ಲ ಎಂಬುದು. ಅಡ್ಡ ಬಂದ ಬೇಲಿಗೂ ಅದೇ, ಹಿಡಿಸದ ಕ್ರಾಪ್‌ಗೂ ಅದೇ. ಅದು ರುಚಿಯ ಮಾತು. ಅದರ ವಿರುದ್ಧ ಹೋರಾಡಲು ಸಮಯ ಕಳೆಯಬೇಡಿ.

ಮಾಹಿತಿ ತಪ್ಪಿಗೆ ಬರುವ ತಿರಸ್ಕಾರದಲ್ಲಿ ಮಾತ್ರ ಏರುಪೇರಿಗೆ ಜಾಗವೇ ಇಲ್ಲ. ಇಂಡಿಗೋದಲ್ಲಿ ಎರಡು ಬಗೆಯ ಎ320ನಿಯೋಗಳಿವೆ: ಪ್ರಾಟ್ ಆಂಡ್ ವಿಟ್ನಿ ಎಂಜಿನ್‌ನದು ಎ320-271ಎನ್, ಸಿಎಫ್‌ಎಂ ಲೀಪ್ ಎಂಜಿನ್‌ನದು ಎ320-251ಎನ್. ನೋಂದಣಿ ಸಂಖ್ಯೆಯಿಂದ ಖಚಿತಪಡಿಸಿಕೊಳ್ಳಿ. ನಿಲ್ದಾಣದ ಮೂರಕ್ಷರದ ಸಂಕೇತ ಆಯ್ದುಕೊಳ್ಳುವಾಗಲೂ ಎಚ್ಚರ ಬೇಕು. ಗೋವಾದಲ್ಲಿ ದಾಬೋಲಿಂ ಜಿಒಐ, ಮೋಪಾ ಜಿಒಎಕ್ಸ್. ಮುಂಬೈಯಲ್ಲೂ ಬಿಒಎಂ ಜೊತೆಗೆ ನವಿ ಮುಂಬೈಯ ಎನ್‌ಎಂಐ ಇದೆ. ಇಲ್ಲೇ ಇನ್ನೊಂದು ಮಾತು: ಪುಣೆಯ ಲೋಹೆಗಾಂವ್ ವಾಯುಪಡೆಯ ನೆಲೆ, ದಾಬೋಲಿಂ ನೌಕಾಪಡೆಯ ಐಎನ್‌ಎಸ್ ಹಂಸ. ಬೇಲಿಯಾಚೆಗೆ ಕ್ಯಾಮೆರಾ ಚಾಚುವ ಜಾಗಗಳಲ್ಲ ಅವು. ಮುಂಬೈಯಲ್ಲಿ ನಿಮ್ಮ ತಾರಸಿಗೂ ಸೊಸೈಟಿಯಿಂದ ಬರಹದ ಒಪ್ಪಿಗೆ ಇಟ್ಟುಕೊಂಡಿರಿ.

ಗೆಳೆಯನ ಚಿತ್ರ ಪಾಸಾದದ್ದಕ್ಕೆ ಮೇಲಿನ ನಾಣ್ಯದ ಲೆಕ್ಕ ಒಂದು ಉತ್ತರ. ಅದು ಯಾವ ವಿಮಾನ ಎಂದು ನೀವು ಬರೆದಿಲ್ಲ. ಅಪರೂಪದ ಸರಕು ವಿಮಾನ, ಒಂದೇ ಸಲ ಬಂದುಹೋದ ವಿಶೇಷ ಬಣ್ಣ, ಹಳೆ ಫಿಲ್ಮ್ ಸ್ಕ್ಯಾನ್ ಇವಕ್ಕೆ ಸ್ಕ್ರೀನರ್‌ಗಳು ಮಾನದಂಡವನ್ನು ಸ್ವಲ್ಪ ಇಳಿಸುತ್ತಾರೆ. ಅದು ಸರಿ ಎಂದೇ ನನ್ನ ಅಭಿಪ್ರಾಯ. 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದ ಜೆಟ್ ಏರ್‌ವೇಸ್‌ನದೋ, 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ವಿಲೀನವಾದ ವಿಸ್ತಾರಾದ್ದೋ ಚಿತ್ರವನ್ನು ಮತ್ತೆ ತೆಗೆಯಲಾಗದು. ದಿನಕ್ಕೆ ನೂರು ಸಲ ಇಳಿಯುವ ಇಂಡಿಗೋ ಎ320ಗೆ ಆ ರಿಯಾಯಿತಿ ಸಿಗದು. ತಾಣದಲ್ಲಿರುವ ಹದಿನೈದು ವರ್ಷ ಹಳೆಯ ಚಿತ್ರ ತೋರಿಸಿ ‘ಇದು ಹೇಗೆ ಪಾಸಾಯಿತು’ ಎನ್ನುವುದೂ ನಡೆಯದು. ಕ್ಯಾಮೆರಾಗಳು ಸುಧಾರಿಸಿದಂತೆ ಮಾನದಂಡ ಮೇಲೇರಿದೆ, ಹಳೆಯವನ್ನು ಯಾರೂ ಕಿತ್ತುಹಾಕಿಲ್ಲ.

ಹಾಗೆಂದು ಸ್ಕ್ರೀನಿಂಗ್ ಮಾಡುವವರ ಕಡೆ ತಪ್ಪಿಲ್ಲ ಎಂದಲ್ಲ. ಕಂಡ ಎಲ್ಲ ದೋಷಗಳನ್ನೂ ಒಮ್ಮೆಗೇ ಗುರುತು ಮಾಡಬೇಕೆಂಬ ನಿಯಮ ಇದ್ದಿದ್ದರೆ ನಿಮ್ಮ ಮೂರು ಸುತ್ತು ಒಂದರಲ್ಲಿ ಮುಗಿಯುತ್ತಿತ್ತು. ಅಂಚಿನ ಚಿತ್ರಗಳ ಒಂದು ಮಾದರಿ ಕಟ್ಟನ್ನು, ಮೂವತ್ತೋ ನಲವತ್ತೋ ಸಾಕು, ಎಲ್ಲ ಸ್ಕ್ರೀನರ್‌ಗಳೂ ಆಗಾಗ ಬೇರೆ ಬೇರೆಯಾಗಿ ಪರೀಕ್ಷಿಸಿ ಉತ್ತರ ತಾಳೆ ನೋಡಿಕೊಂಡರೆ ಯಾರ ಕಣ್ಣು ಎತ್ತ ಸರಿದಿದೆ ಎಂದು ತಿಳಿಯುತ್ತದೆ. ತೆಗೆದವರ ಹೆಸರು ಮರೆಮಾಡಿ ತೋರಿಸುವುದಂತೂ ಖರ್ಚಿಲ್ಲದ ಸುಧಾರಣೆ. ನಿಮ್ಮ ಬಳಗದಲ್ಲಿ ನಾಲ್ಕೈದು ಮಂದಿ ಇದ್ದರೆ ಇದನ್ನು ನೀವೇ ಮಾಡಿ: ಕಳಿಸುವ ಮೊದಲು ಚಿತ್ರವನ್ನು ಮೂವರಿಗೆ ತೋರಿಸಿ, ಕಾರಣ ಬರೆಸಿಕೊಳ್ಳಿ. ಒಬ್ಬರಾದರೂ ತಡವರಿಸಿದರೆ ಅದು ಅಂಚಿನ ಚಿತ್ರ.

ಮೇಲ್ಮನವಿ ಹಾಕುವುದಾದರೆ ಅಳೆಯಬಹುದಾದ ಕಾರಣಕ್ಕೆ ಮಾತ್ರ ಹಾಕಿ: ವಾಲಿಕೆ, ಮಧ್ಯಭಾಗ, ಧೂಳು, ಮಾಹಿತಿ. ಬರೆಯುವುದು ಎರಡೇ ಸಾಲು. ‘ದೇಹದ ನಡುಗೆರೆಯಿಂದ ಮೇಲಂಚಿಗೆ 531, ಕೆಳಅಂಚಿಗೆ 536 ಪಿಕ್ಸೆಲ್, ದಯವಿಟ್ಟು ಮತ್ತೊಮ್ಮೆ ನೋಡಿ.’ ಗೆಳೆಯನ ಚಿತ್ರದ ಪ್ರಸ್ತಾಪ ಬೇಡ, ಹಿಂದಿನ ಸ್ಕ್ರೀನರ್‌ನ ಮೇಲಿನ ಸಿಟ್ಟೂ ಬೇಡ. ‘ಸಾಫ್ಟ್’ಗೆ, ‘ಕಾಂಟ್ರಾಸ್ಟ್’ಗೆ ಮೇಲ್ಮನವಿ ಹಾಕುವುದು ಸಾಮಾನ್ಯವಾಗಿ ವ್ಯರ್ಥ. ಅಷ್ಟು ಹೊತ್ತಿನಲ್ಲಿ ಮೂಲ ಕಡತದಿಂದ ಹೊಸದಾಗಿ ಸಂಸ್ಕರಿಸಬಹುದು.

ನಿಮ್ಮ ಆ ಎ320 ಚಿತ್ರಕ್ಕೆ ಮಾಡಬೇಕಾದದ್ದು ಇಷ್ಟು. ರಾ ಕಡತ ತೆರೆದು ಮೊದಲು ಕ್ರಾಪ್‌ನ ಅಗಲ ನೋಡಿ. 3200 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಅದನ್ನು ಅಲ್ಲಿಗೇ ಮುಚ್ಚಿಡಿ, ನಾಳೆ ಬೆಳಿಗ್ಗೆ ಅದೇ ವಿಮಾನ ಮತ್ತೆ ಬರುತ್ತದೆ.